ಸ್ವಂತ ವಾಕ್ಯ

ಎದುರುಮನೆಯಾಕೆ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೇ ಟೀಚರಮ್ಮನಿಗೆ ಗೊತ್ತಾಗಿಹೋಯಿತು, ಇವತ್ತೂ ತನಗೆ ಬಿಡುಗಡೆಯಿಲ್ಲ ಎಂದು. ಒಬ್ಬರ ಸದ್ದಲ್ಲ, ಇಬ್ಬರದು. ಅಂದರೆ ಆಕೆ ತನಗೆ ಯಾರನ್ನೋ ತೋರಿಸಲು ಕರೆತಂದಿದ್ದಾಳೆ. ಅಲ್ಲ, ಯಾರಿಗೋ ತನ್ನನ್ನು ತೋರಿಸಲು ಕರೆತಂದಿದ್ದಾಳೆ. ಕುರ್ಚಿಯ ಕೈಮೇಲೆ ಸತ್ತಂತೆ ಬಿದ್ದಿದ್ದ ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಿಗೆ ಹಾಕಿಕೊಂಡಳು. ಕನಿಷ್ಠ ಅಷ್ಟಾದರೂ ನೆಟ್ಟಗೆ ಕಾಣಲಿ. ಗಂಡ ಅಡುಗೆಮನೆಯಿಂದ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ಈಚೆಗೆ ಯಾರಾದರೂ ಮನೆಗೆ ಬಂದರೆ ಅವರ ಮುಖ ಅರಳುತ್ತದೆ. "ನನ್ನ ನಾದಿನಿ. ನಿಮ್ಮನೆಯವರನ್ನ ನೋಡ್ಬೇಕು ಅಂದ್ಲು" ಎಂದಳು ಎದುರುಮನೆಯಾಕೆ. ನಾದಿನಿ ಟೀಚರಮ್ಮನ ಎದುರಿಗೇ ಕೂತು, ಟೀಚರಮ್ಮನಿಗೆ ಕೇಳಿಸಬಾರದೆಂಬಂತೆ ದನಿ ತಗ್ಗಿಸಿ, "ಮಾತು ಪೂರ್ತಿ ಹೋಯ್ತಾ, ಪಾಪ?" ಎಂದು ಗಂಡನನ್ನು ಕೇಳಿದಳು. ಸ್ಟ್ರೋಕ್ ಆದದ್ದು ಬಾಯಿಗೆ ಕಣಮ್ಮ, ಕಿವಿಗಲ್ಲ. ವಾಕ್ಯ ಟೀಚರಮ್ಮನ ತಲೆಯೊಳಗೆ ಸಿದ್ಧವಾಗಿತ್ತು, ಅಲ್ಪವಿರಾಮ ಕೂಡ ಬಿಟ್ಟುಹೋಗಿರಲಿಲ್ಲ. ಬಾಯಿ ತೆರೆದಳು. "ಅದು… ಅದು…" ಎಂದಿತು ಬಾಯಿ.

"ಮಾತು ಹೋಗಿದೆ, ಪದ್ಯ ಇದೆ!" ಎಂದರು ಗಂಡ. ಸುಟ್ಟ ಮನೆಯಿಂದ ಬೆಳ್ಳಿ ತಟ್ಟೆಯೊಂದನ್ನು ಉಳಿಸಿ ತಂದವರ ಹೆಮ್ಮೆ ಆ ದನಿಯಲ್ಲಿತ್ತು. "ನೀರು ಬೇಕು ಅನ್ನೋಕೆ ಬರಲ್ಲ. ಆದ್ರೆ ಪದ್ಯ ಶುರು ಮಾಡಿಕೊಟ್ರೆ ಸಾಕು, ಕೊನೇವರೆಗೂ ಒಂದಕ್ಷರ ತಪ್ಪಲ್ಲ. ಕೇಳಿ ಬೇಕಾದ್ರೆ. ಗಾಳಿ ಬಂತು…" ಬೇಡ ಎಂದುಕೊಂಡಳು ಟೀಚರಮ್ಮ. ಹಲ್ಲು ಕಚ್ಚಿದಳು. ಆದರೆ ಆ ಎರಡು ಶಬ್ದ ಕಿವಿಗೆ ಬಿದ್ದ ಮೇಲೆ ಬಾಯಿ ಅವಳದಾಗಿ ಉಳಿಯುತ್ತಿರಲಿಲ್ಲ. *ಗಾಳಿ ಬಂತು ಗೇಟು ತೆರೆದು, ಎಲೆಯ ಕೈಯ ಕುಲುಕಿತು. ಮೋಡ ಹೊತ್ತ ನೀರ ಮೂಟೆ ಮನೆಯ ಮೇಲೆ ಇಳಿಸಿತು.* ಮೂರನೆಯ ತರಗತಿಯ ಪದ್ಯ. ವರ್ಷವರ್ಷವೂ ಹೊಸ ಮಕ್ಕಳಿಗೆ ಅದೇ ಪದ್ಯ, ಅದೇ ರಾಗ, ಎಲೆಯ ಕೈ ಬಂದಾಗ ಅದೇ ಕೈಕುಲುಕುವ ಅಭಿನಯ. ಈಗಲೂ ಎಡಗೈ ತಾನಾಗಿಯೇ ಮುಂದೆ ಚಾಚಿತು. ನಾದಿನಿ "ಅಯ್ಯೋ, ಎಷ್ಟು ಚೆನ್ನಾಗಿ ಹೇಳ್ತಾರೆ!" ಎಂದು ಚಪ್ಪಾಳೆ ತಟ್ಟಿ, ಚಾಚಿದ ಆ ಕೈಯನ್ನು ಹಿಡಿದು ಕುಲುಕಿಯೂಬಿಟ್ಟಳು. ಟೀಚರಮ್ಮನ ಮೈಯೆಲ್ಲ ನಾಚಿಕೆಯಿಂದ ಸುಟ್ಟಿತು. ನೆಂಟರ ಮುಂದೆ ಚಡ್ಡಿ ಮೇಲೆಳೆದುಕೊಳ್ಳುತ್ತ ನಿಂತು ಪದ್ಯ ಒಪ್ಪಿಸಿ, ಒಂದು ಬಿಸ್ಕತ್ತು ಪಡೆದು ಒಳಗೋಡುವ ಮಗು ತಾನು. ಬಿಸ್ಕತ್ತಿನ ಬದಲು ಇನ್ನೊಂದು ತುತ್ತು ಅನುಕಂಪ ಸಿಗುತ್ತದೆ, ಅಷ್ಟೇ ವ್ಯತ್ಯಾಸ.

ಅವರು ಹೊರಟ ಮೇಲೆ ಗಂಡ ಅವಳ ಸೀರೆಯ ಸೆರಗು ಸರಿಮಾಡಿದರು. ಇವತ್ತು ಮಾತಿನ ಕ್ಲಾಸು. ಹಾಗೆಂದು ಅದಕ್ಕೆ ಹೆಸರಿಟ್ಟವರು ಅವರೇ. ಆಸ್ಪತ್ರೆಯ ಬೋರ್ಡಿನ ಮೇಲೆ ಬೇರೇನೋ ಉದ್ದದ ಹೆಸರಿದೆ. ಇವತ್ತಿನದು ಬರೀ ಕ್ಲಾಸಲ್ಲ, ಪರೀಕ್ಷೆ. ಹೋದ ಸಲ ಥೆರಪಿಸ್ಟ್ ಮೇಡಂ ಬಿಡಿಸಿ ಹೇಳಿದ್ದಳು. ಟೀಚರ್ ಸ್ವಂತವಾಗಿ ಒಂದು ವಾಕ್ಯ ಕಟ್ಟಿ ಹೇಳಿದರೆ ಮಾತಿನ ಅಭ್ಯಾಸ ಮುಂದುವರಿಸಬಹುದು, ದಾರಿ ಇದೆ ಎಂದರ್ಥ. ಇಷ್ಟು ತಿಂಗಳಾದರೂ ಬರುತ್ತಿಲ್ಲ ಎಂದಾದರೆ ಚಿತ್ರದ ಹಲಗೆಗೆ ಹೋಗೋಣ. "ಅದು ಸೋಲಲ್ಲ ಟೀಚರ್. ಅದೂ ಒಂದು ಭಾಷೇನೇ" ಎಂದಿದ್ದಳು, ಒಳ್ಳೆಯ ಮನಸ್ಸಿನಿಂದಲೇ. ಹಲಗೆಯನ್ನು ಟೀಚರಮ್ಮ ನೋಡಿದ್ದಳು. ಲೋಟ, ತಟ್ಟೆ, ಹಾಸಿಗೆ, ಕಕ್ಕಸು, ಅಳುವ ಮುಖ, ನಗುವ ಮುಖ. ಬೇಕಾದುದರ ಮೇಲೆ ಬೆರಳಿಟ್ಟರೆ ಸಾಕು. ಎದುರುಮನೆಯವರ ನಾದಿನಿ ಎಂಥವಳು ಎಂದು ಹೇಳುವುದಕ್ಕೆ ಅದರಲ್ಲಿ ಚಿತ್ರವಿರಲಿಲ್ಲ. ಆಸ್ಪತ್ರೆಯ ಪಕ್ಕದ ಕೋಣೆಯಲ್ಲಿ ಆವತ್ತು ಒಬ್ಬ ಮುದುಕ ನಗುವ ಮುಖದ ಮೇಲೆ ಬೆರಳಿಟ್ಟು ಅಳುತ್ತ ಕೂತಿದ್ದ. ಆವತ್ತಿನಿಂದ ಅವಳಿಗೆ ನಿದ್ದೆ ಸರಿಯಾಗಿ ಬಂದಿಲ್ಲ. ಗಂಡ ಮಾತ್ರ ಹಲಗೆಯನ್ನು ತಿರುಗಿಸಿ ನೋಡಿ, "ಮೂಲೆಗಳನ್ನ ಸ್ವಲ್ಪ ದುಂಡಗೆ ಮಾಡಿದ್ರೆ ಕೈಗೆ ಚುಚ್ಚಲ್ಲ" ಎಂದಿದ್ದರು. ಅವರ ಪ್ರೀತಿ ಯಾವಾಗಲೂ ಹಾಗೆಯೇ, ಮೂಲೆಗಳನ್ನು ದುಂಡಗೆ ಮಾಡುವಂಥದು. ಅವಳಿಗೆ ಅವರನ್ನು ಹೊಡೆಯಬೇಕೆನಿಸಿತ್ತು.

ಟ್ಯಾಕ್ಸಿಯಲ್ಲಿ ಗಂಡ ಡ್ರೈವರನ ಜೊತೆ ಮಾತಿಗಿಳಿದರು. ಟೀಚರಮ್ಮ ಕಿಟಕಿಯಾಚೆ ಅಂಗಡಿಗಳ ಬೋರ್ಡು ಓದಲು ನೋಡಿದಳು. ಅಕ್ಷರಗಳು ಗೊತ್ತು, ಹೆಸರುಗಳೂ ಗೊತ್ತು, ಓದಿ ಮುಗಿಸುವಷ್ಟರಲ್ಲಿ ಅಂಗಡಿ ಹಿಂದೆ ಹೋಗಿರುತ್ತಿತ್ತು. ಈ ಮನುಷ್ಯ ಡ್ರೈವರನ ಜೊತೆ ಹರಟುವುದೆಂದರೇನು! ಕನ್ನಡಕದ ಅಂಗಡಿಯಲ್ಲಿ ಜೀವಮಾನವೆಲ್ಲ ಗಿರಾಕಿಗಳ ಮೂಗಿನ ಮೇಲೆ ಗಾಜು ಬದಲಿಸುತ್ತ "ಈಗ? ಈಗ ಹೇಗಿದೆ?" ಎನ್ನುವುದು ಬಿಟ್ಟು ಬೇರೆ ಮಾತಾಡಿದವರಲ್ಲ. ಮನೆಯಲ್ಲಿ ಮಾತೆಲ್ಲ ಅವಳದೇ. ಹಾಲಿನವನ ಜೊತೆ, ಮಗಳ ಮಾವನ ಮನೆಯವರ ಜೊತೆ, ಡಾಕ್ಟರ ಜೊತೆ, ಅಷ್ಟೇಕೆ, ಅವರ ಸ್ವಂತ ಅಣ್ಣನ ಜೊತೆ ಕೂಡ ಅವರ ಪರವಾಗಿ ಅವಳೇ ಮಾತಾಡುತ್ತಿದ್ದಳು. ಅವರು "ನನಗೇನನ್ನಿಸುತ್ತೆ ಅಂದ್ರೆ…" ಎಂದು ಶುರುಮಾಡಿ, ಮುಂದಿನ ಶಬ್ದ ಹುಡುಕಲು ಮೇಲೆ ನೋಡಿದರೆ ಮುಗಿಯಿತು, ಅವಳು ಆ ಶಬ್ದವನ್ನು ತಂದು ಅಲ್ಲಿಡುತ್ತಿದ್ದಳು. ಕೆಳಗಿನ ಪದ್ಯವನ್ನು ಪೂರ್ಣಗೊಳಿಸಿ. ಪ್ರತಿ ಪ್ರಶ್ನೆಪತ್ರಿಕೆಯಲ್ಲೂ ಇರುವ ಪ್ರಶ್ನೆ. ಮೊದಲ ಎರಡು ಶಬ್ದ ಕೊಟ್ಟು ಆಮೇಲೆ ಚುಕ್ಕಿಗಳನ್ನು ಇಟ್ಟಿರುತ್ತಾರೆ. ಅವಳಿಗೆ ಗಂಡ ಎನ್ನುವವರು ಎರಡು ಶಬ್ದ ಮತ್ತು ಒಂದು ಸಾಲು ಚುಕ್ಕಿ.

ಅವರ ತಾಯಿ ತೀರಿಕೊಂಡ ದಿನ ಅವರು ಆಸ್ಪತ್ರೆಯಿಂದ ಬಂದು ಬಾಗಿಲ ಬಳಿ ನಿಂತು, "ಅಮ್ಮ ಕೊನೆಗೆ…" ಎಂದಿದ್ದರು. "ನಿದ್ದೆಯಲ್ಲೇ ಹೋದ್ರಲ್ಲಾ, ಪುಣ್ಯವಂತರು" ಎಂದಿದ್ದಳು ಅವಳು. ಅವರು ತಲೆಯಾಡಿಸಿ ಕೈಕಾಲು ತೊಳೆಯಲು ಹೋಗಿದ್ದರು. ಅಮ್ಮ ಕೊನೆಗೆ ಏನು ಎನ್ನುವುದು ಇವತ್ತಿಗೂ ಅವಳಿಗೆ ಗೊತ್ತಿಲ್ಲ. ನಾಲಗೆ ಓಡುತ್ತಿದ್ದಾಗ ಒಮ್ಮೆಯೂ ನೆನಪಾಗದ ಆ ಅರ್ಧ ವಾಕ್ಯ, ನಾಲಗೆ ನಿಂತ ಮೇಲೆ ದಿನವೂ ಬಂದು ಕೂರುತ್ತದೆ. ಈಗ ಅವಳ ಚುಕ್ಕಿಗಳನ್ನು ಅವರು ತುಂಬುತ್ತಾರೆ. ಅವಳು "ಅದು…" ಎಂದರೆ "ಸೊಳ್ಳೆ ಪರದೆ ಹಾಕ್ಬೇಕಂತೆ" ಎನ್ನುತ್ತಾರೆ ಮಗಳಿಗೆ ಫೋನಿನಲ್ಲಿ. ಅವಳು ಹೇಳಹೊರಟದ್ದು ಸೊಳ್ಳೆಯ ಸುದ್ದಿಯೇ ಅಲ್ಲ. ಮಗಳ ದನಿ ಸೊರಗಿದೆ, ಯಾಕೆ ಎಂದು ಕೇಳಬೇಕಿತ್ತು. ಫೋನಿನ ಆಚೆ ಮಗಳು "ಅಮ್ಮಾ, ಒಂದು ಪದ್ಯ ಹೇಳು, ಕೇಳಿ ಫೋನಿಡ್ತೀನಿ" ಎಂದಳು. ಹೇಳಿದಳು. ಮಗಳು ಫೋನಿಟ್ಟಳು.

ಪದ್ಯ ಎಂಬ ಶಬ್ದದ ಮೇಲೆ ಅವಳಿಗೆ ಎಂದೂ ಭಕ್ತಿಯಿರಲಿಲ್ಲ. ಕವಿತೆ, ಕಾವ್ಯ ಎಂದೆಲ್ಲ ಹೇಳುವವರು ಶಾಲೆಯ ವಾರ್ಷಿಕೋತ್ಸವಕ್ಕೆ ಬರುವ ಅತಿಥಿಗಳು; ಅವರು ಕೊರಳಿಗೆ ಹಾರ ಹಾಕಿಸಿಕೊಂಡು ಹೋಗುತ್ತಿದ್ದರು. ದಿನಬಳಕೆಗೆ ಪದ್ಯವೇ. ಪದ್ಯ ಬಾಯಿಪಾಠ ಆಯ್ತಾ? ಪದ್ಯ ಎರಡು ಸಲ ಬರ್ಕೊಂಡು ಬಾ. ಪದ್ಯದ ಪಿರಿಯಡ್ಡು, ಪದ್ಯದ ಟೀಚರು. ಸ್ಟಾಫ್ ರೂಮಿನಲ್ಲಿ ಹೆಡ್‌ಮಾಸ್ಟರ ಉಪದೇಶಕ್ಕೂ ಅದೇ ಹೆಸರು: "ಇವತ್ತು ಮತ್ತೆ ಪದ್ಯ ಓದಿದ್ರು ಕಣ್ರೀ ನಮಗೆ." ಪೊರಕೆಯ ಹಾಗೆ ಬಾಗಿಲ ಹಿಂದೆ ಇಟ್ಟು, ಬೇಕಾದಾಗ ತೆಗೆದು ಗುಡಿಸುವ ಶಬ್ದ. ಸ್ಟ್ರೋಕ್ ಆದ ಮೇಲೆ ಆಸ್ಪತ್ರೆಯ ಹಾಸಿಗೆಯಲ್ಲಿ, ಯಾವುದೋ ನರ್ಸು ಕಿಟಕಿ ತೆರೆಯುತ್ತ "ಗಾಳಿ ಬಂತು ನೋಡಿ" ಎಂದಾಗ, ಅವಳ ಬಾಯಿಂದ ಪದ್ಯ ಪೂರ್ತಿ ಹೊರಬಂದಿತ್ತು. ನರ್ಸು ಕೂಗಿದಳು, ಗಂಡ ಅತ್ತರು, ವಾರ್ಡಿನವರೆಲ್ಲ ಬಂದು ನಿಂತರು. ಅವಳೂ ಅತ್ತಳು. ಬಂತು, ಮಾತು ಬಂತು ಎಂದುಕೊಂಡಳು. ಆಮೇಲೆ ಗಂಡನ ಹೆಸರು ಹೇಳಲು ಬಾಯಿ ತೆರೆದರೆ ಬಂದದ್ದು ಅದು, ಅದು. ಬಾಯಿಪಾಠ ತಲೆಯಲ್ಲಿ ಒಂದು ಕಡೆ ಇರುತ್ತದೆ, ಮಾತು ಇನ್ನೊಂದು ಕಡೆ, ಏಟು ಬಿದ್ದದ್ದು ಮಾತಿಗೆ ಎಂದು ಥೆರಪಿಸ್ಟ್ ಮೇಡಂ ಆಮೇಲೆ ವಿವರಿಸಿದಳು. ಗಂಡ ತಲೆಯಾಡಿಸಿದರು. ಮನೆಗೆ ಬಂದು "ಅರ್ಧ ವಾಸಿಯಾಗಿದೆ" ಎಂದು ಎಲ್ಲರಿಗೂ ಹೇಳಿದರು.

ಥೆರಪಿಸ್ಟ್ ಮೇಡಂ ಮಗಳಿಗಿಂತ ಚಿಕ್ಕವಳು. ಕೋಣೆಯಲ್ಲಿ ಒಂದು ಮೇಜು, ಒಂದು ಕನ್ನಡಿ, ಗೋಡೆಗೊರಗಿಸಿಟ್ಟ ಆ ಹಲಗೆ. ಟೀಚರಮ್ಮ ಅದರ ಕಡೆ ನೋಡದೆ ಕೂತಳು. ಗಂಡ ಪಕ್ಕದ ಸ್ಟೂಲಿನ ಮೇಲೆ. "ಹಳೇದೇ ಆಟ ಟೀಚರ್. ನಾನೊಂದು ಶಬ್ದ ಹೇಳ್ತೀನಿ. ಅದರ ಅರ್ಥ ಹೇಳಿ, ಇಲ್ಲಾ ಸ್ವಂತ ವಾಕ್ಯದಲ್ಲಿ ಬಳಸಿ. ನಿಮ್ಮ ಮಾತಲ್ಲೇ. ತಪ್ಪಾದ್ರೂ ಪರವಾಗಿಲ್ಲ." ಸ್ವಂತ ವಾಕ್ಯದಲ್ಲಿ ಬಳಸಿ! ಈ ಮಾತನ್ನು ತಾನು ಎಷ್ಟು ಮಕ್ಕಳಿಗೆ ಹೇಳಿದ್ದೇನೋ, ಎಷ್ಟು ಸುಲಭವಾಗಿ ಹೇಳಿದ್ದೇನೋ. ಮಕ್ಕಳೂ ಜಾಣರು, ಯಾವ ಶಬ್ದ ಕೊಟ್ಟರೂ "ನನಗೆ ಇದು ತುಂಬಾ ಇಷ್ಟ" ಎಂದು ಬರೆದು ಪಾರಾಗುತ್ತಿದ್ದರು. ನನಗೆ ಜ್ವರ ತುಂಬಾ ಇಷ್ಟ. ನನಗೆ ಭೂಕಂಪ ತುಂಬಾ ಇಷ್ಟ. ಮೇಡಂ "ಬಾಗಿಲು" ಎಂದಳು. ಬಾಗಿಲು ಟೀಚರಮ್ಮನ ತಲೆಯೊಳಗೆ ಹತ್ತಾರು ರೀತಿ ತೆರೆದುಕೊಂಡಿತು. "ಅದು… ಬಾ… ಅದು." ಕೈಯಿಂದ ತೆಗೆದು ಮುಚ್ಚಿ ತೋರಿಸಿದಳು. "ಹೂಂ, ಗೊತ್ತಿದೆ ನಿಮಗೆ. ಆದ್ರೆ ಮಾತಲ್ಲಿ." ಬರಲಿಲ್ಲ. "ಅಂಗಡಿ" ಎಂದಳು ಮೇಡಂ. "ನಾನು ಅಂಗಡಿಗೆ…" ಎಂದು ಗಂಡ ಪಕ್ಕದಿಂದ ಉಸಿರಿನಲ್ಲೇ ಹೇಳಿಕೊಟ್ಟರು. ಕಾಪಿ ಹೊಡೆಸುವವರ ಹಾಗೆ. ಮೇಡಂ ಅವರ ಕಡೆ ನೋಡಿ ನಕ್ಕು ತಲೆ ಅಲ್ಲಾಡಿಸಿದಳು. ಅಂಗಡಿಯೂ ಬರಲಿಲ್ಲ. ಟೀಚರಮ್ಮನ ಕತ್ತಿನ ಹಿಂದೆ ಬೆವರಿತು. ಮೇಡಂ ಪೆನ್ನು ಕೆಳಗಿಟ್ಟಳು. ಅದು ಕೆಟ್ಟ ಸೂಚನೆಯೆಂದು ಟೀಚರಮ್ಮನಿಗೆ ತಿಳಿಯದೇ? ಫೇಲಾಗುವ ಮಗುವಿನ ಮುಂದೆ ತಾನೂ ಹಾಗೆಯೇ ಪೆನ್ನು ಕೆಳಗಿಡುತ್ತಿದ್ದಳು, ಮಗುವಿನ ತಲೆ ಸವರುವ ಮೊದಲು.

"ಮೇಡಂ, ತಪ್ಪು ತಿಳ್ಕೋಬೇಡಿ" ಎಂದರು ಗಂಡ. "ಬಾಗಿಲು, ಅಂಗಡಿ ಅಂದ್ರೆ ಇವಳಿಗೆ ಎಲ್ಲಿ ಹುಮ್ಮಸ್ಸು ಬರುತ್ತೆ? ಇವಳ ಸಬ್ಜೆಕ್ಟ್ ಕೇಳಿ. ಪದ್ಯ ಅಂದ್ರೇನು ಅಂತ ಕೇಳಿ, ನೋಡಿ ಆಮೇಲೆ." ಟೀಚರಮ್ಮ ಅವರನ್ನು ದುರುಗುಟ್ಟಿ ನೋಡಿದಳು. ಕೊಟ್ಟೂ ಕೊಟ್ಟೂ ಈ ಶಬ್ದವನ್ನೇ ಕೊಟ್ಟನಲ್ಲ, ಪುಣ್ಯಾತ್ಮ. ನೀರಿಗೆ ಬಿದ್ದವಳಿಗೆ ಕಲ್ಲು ಎಸೆದು, ಹಿಡ್ಕೋ ಎಂದಹಾಗೆ. ಮೇಡಂ ಒಂದು ಕ್ಷಣ ಯೋಚಿಸಿದಳು. "ಆಗಲಿ. ಟೀಚರ್, ಪದ್ಯ. ಪದ್ಯ ಅಂದ್ರೆ ಏನು?"

"ಗಾಳಿ ಬಂತು ಗೇಟು ತೆರೆದು" ಎಂದಿತು ಬಾಯಿ.

ಗಂಡನ ಮುಖ ಅರಳಿತು. ಮೇಡಂ ಮುಖ ಅರಳಲಿಲ್ಲ. ಅವಳ ಕಣ್ಣು ಒಮ್ಮೆ ಹಲಗೆಯ ಕಡೆ ಹೋಗಿ ಬಂದದ್ದನ್ನು ಟೀಚರಮ್ಮ ನೋಡಿದಳು. ನೋಡುತ್ತಿದ್ದಂತೆಯೇ ಬಾಯಿ ತನ್ನ ಪಾಡಿಗೆ ತಾನು "ಎಲೆಯ ಕೈ" ಎಂದಿತು, ಎಡಗೈ ಮೇಜಿನಿಂದ ಏಳತೊಡಗಿತು. ಆಗ ಟೀಚರಮ್ಮ ಆ ಕೈಯನ್ನು ಮೇಜಿಗೆ ಬಡಿದಳು. ಪೆನ್ನು ಉರುಳಿ ಕೆಳಗೆ ಬಿತ್ತು. ತುಟಿಗಳನ್ನು ಒತ್ತಿ ಹಿಡಿದಳು. ಪದ್ಯ ಗಂಟಲಿನಲ್ಲಿ ನಿಂತು ಒದೆಯುತ್ತಿತ್ತು; ಕುಲುಕಿತು, ಕುಲುಕಿತು, ಬಿಡು ನನ್ನನ್ನು, ಸಾಲಿಗೆ ಒಂದೇ ಶಬ್ದ ಬಾಕಿ. ಬಿಡಲಿಲ್ಲ. "ಕು… ಕುಲು…" ಎಂದು ಗಂಡ ಎತ್ತಿಕೊಟ್ಟರು. ಅವಳು ಅವರ ಕಡೆ ಅಂಗೈ ತೋರಿಸಿದಳು. ಶಾಲೆಯ ಇಡೀ ವರಾಂಡವನ್ನು ತಣ್ಣಗಾಗಿಸುತ್ತಿದ್ದ ಅಂಗೈ ಅದು. ಗಂಡ ಬಾಯಿ ಮುಚ್ಚಿದರು. ಪದ್ಯ ಇನ್ನೂ ಒಂದೆರಡು ಸಲ ಒದ್ದು ಕೆಳಗಿಳಿಯಿತು. ನುಂಗಿದಳು. ಅದು ಹೋಯಿತು. ಬಾಯಿಯೊಳಗೆ ಈಗ ಏನೂ ಇರಲಿಲ್ಲ. ಇಷ್ಟು ತಿಂಗಳಲ್ಲಿ ಮೊದಲ ಸಲ ಬಾಯಿ ಖಾಲಿಯಾಗಿತ್ತು ಮತ್ತು ಅವಳದಾಗಿತ್ತು. ಅವಳಿಗೆ ಭಯವಾಯಿತು, ಭಯದ ಜೊತೆಗೇ ಎಂಥದೋ ಕುಣಿಯುವ ಖುಷಿಯೂ ಆಯಿತು.

ಪದ್ಯ ಎಂದರೆ ಏನು? ಛಂದಸ್ಸಿಗೆ ಒಳಪಟ್ಟ ರಚನೆ ಎಂದು ಕರಿಹಲಗೆಯ ಮೇಲೆ ಬರೆಯುತ್ತಿದ್ದಳು. ಅದೂ ಬಾಯಿಪಾಠವೇ, ಅದು ಬೇಡ. ನನಗೆ ಪದ್ಯ ತುಂಬಾ ಇಷ್ಟ. ಸುಳ್ಳು, ಅದೂ ಬೇಡ. ಮೇಡಂ ಕಾಯುತ್ತಿದ್ದಳು. ಕಾಯುವುದು ಆ ಹುಡುಗಿಗೆ ಚೆನ್ನಾಗಿ ಬರುತ್ತಿತ್ತು, ಮುಖದಲ್ಲಿ ಅವಸರವಿಲ್ಲ, ಉತ್ತೇಜನದ ಸಕ್ಕರೆ ನಗುವೂ ಇಲ್ಲ. ಕನ್ನಡಿಯಲ್ಲಿ ಟೀಚರಮ್ಮನಿಗೆ ತನ್ನ ಮುಖ ಕಂಡಿತು. ಒಂದು ಕಡೆಗೆ ಸ್ವಲ್ಪ ಜಾರಿದ ಬಾಯಿ. ಆ ಬಾಯಿಯನ್ನು ಅವಳು ದಿಟ್ಟಿಸಿದಳು. ಶಬ್ದಗಳು ಎಲ್ಲೋ ದೂರದಲ್ಲಿದ್ದವು. ಒಂದೊಂದನ್ನೂ ಹೋಗಿ ಎತ್ತಿಕೊಂಡು ಬರಬೇಕು, ಬರುವಾಗ ಇನ್ನೊಂದು ಬಿದ್ದುಹೋಗುತ್ತದೆ, ಅದಕ್ಕಾಗಿ ಮತ್ತೆ ಹೋಗಬೇಕು. ಹೋದಳು.

"ಪದ್ಯ…" ಎಂದಳು. ಪದ್ಯದ ರಾಗದಲ್ಲಲ್ಲ, ಬರಿಯ ಒಣ ದನಿಯಲ್ಲಿ. ಮತ್ತೆ ಹೋದಳು. ಗಂಡ ಸ್ಟೂಲಿನ ಮೇಲೆ ಮಿಸುಕಾಡಿದರು. "ಪದ್ಯ… ಅದು… ಬರುತ್ತೆ."

ಮೇಡಂ ಅಲುಗಾಡಲಿಲ್ಲ.

"ತಾನೇ… ಬರುತ್ತೆ." ಬೆವರು ಹಣೆಯಿಂದ ಹುಬ್ಬಿಗಿಳಿಯಿತು. ಇನ್ನೂ ಇದೆ, ಇನ್ನೂ ಅರ್ಧ ಇದೆ. ಎಡಗೈಯಿಂದ ತನ್ನ ಎದೆಯನ್ನು ಮುಟ್ಟಿ ತೋರಿಸಿಕೊಂಡಳು. ಬೆರಳು ತೋರಿಸುವುದು ಸಾಲದು, ಅದು ಹಲಗೆಯ ಭಾಷೆ. ಕೈ ತೆಗೆದಳು. "ಮಾ… ಮಾತು… ನಾನು… ತರ್ಬೇಕು."

ವಾಕ್ಯ ಮೇಜಿನ ಮೇಲೆ ಎಲ್ಲರ ನಡುವೆ ಇತ್ತು. ಕುಂಟುತ್ತಿತ್ತು, ನಡುವೆ ಎಷ್ಟೊಂದು ಸಂದು, ತಾನೇ ತಿದ್ದುವುದಾದರೆ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಿದ್ದಳೇನೋ. ಆದರೆ ಇದನ್ನು ಯಾವ ಪುಸ್ತಕವೂ ಅವಳ ಬಾಯಿಗೆ ಹಾಕಿರಲಿಲ್ಲ, ಯಾವ ಗಂಡನೂ ಎತ್ತಿಕೊಟ್ಟಿರಲಿಲ್ಲ. ಇಷ್ಟು ವರ್ಷ ಕುರುಕಲು ತಿಂಡಿಯ ಹಾಗೆ ಮಾತಾಡಿ ಬಿಸಾಡಿದವಳಿಗೆ ಒಂದು ವಾಕ್ಯದಿಂದ ಇಷ್ಟು ಸುಖವಾಗಬಹುದೆಂದು ಯಾರು ಹೇಳಿದ್ದರು? ನಗು ಬಂತು, ಜಾರಿದ ಬಾಯಿಯ ತುಂಬ ಬಂತು. ಮೇಡಂ ಬಗ್ಗಿ ಪೆನ್ನು ಎತ್ತಿಕೊಂಡಳು. ಏಳುವಾಗ ಅವಳ ಕಣ್ಣು ಒದ್ದೆಯಾಗಿತ್ತು, ಕೆಲಸದ ಶಿಸ್ತಿಗೆ ಅದನ್ನು ಒರೆಸಿಕೊಳ್ಳಲಿಲ್ಲ. "ಟೀಚರ್" ಎಂದಳು, "ಹಲಗೆ ಬೇಡ. ಮುಂದಿನ ವಾರ ಇದೇ ಹೊತ್ತಿಗೆ ಬನ್ನಿ. ನಮ್ಮಿಬ್ಬರಿಗೂ ತುಂಬಾ ಕೆಲಸ ಇದೆ."

"ಬರ್ತಾಳೆ ಮೇಡಂ, ಖಂಡಿತ ಬರ್ತಾಳೆ!" ಗಂಡ ಎದ್ದು ನಿಂತಿದ್ದರು, ದನಿ ಎಲ್ಲೆಲ್ಲಿಗೋ ಹೋಗುತ್ತಿತ್ತು. "ಎಂಥಾ ಮಾತು ಹೇಳಿದ್ಲು ನೋಡಿ! ಅಂದ್ರೆ ಇವಳು ಹೇಳೋದು ಏನಪ್ಪಾ ಅಂದ್ರೆ, ಪದ್ಯ ಅನ್ನೋದು ಬಾಯಿಪಾಠ ಇರೋದ್ರಿಂದ ತಾನಾಗೇ…"

"ರೀ" ಎಂದಳು ಟೀಚರಮ್ಮ.

ಸ್ಟ್ರೋಕ್ ಆದಂದಿನಿಂದ ಅವಳು ಅವರನ್ನು ಕರೆದಿರಲಿಲ್ಲ. ಅವರು ಅರ್ಧ ವಾಕ್ಯದಲ್ಲಿ ಬಾಯಿ ತೆರೆದುಕೊಂಡೇ ತಿರುಗಿದರು. ಅಯ್ಯೋ, ಮತ್ತೆ ಇವರ ಮಾತನ್ನು ನಡುವೆಯೇ ತುಂಡು ಮಾಡಿದೆನಲ್ಲ ಎಂದು ಅವಳಿಗೆ ಚುಚ್ಚಿತು. ಚುಚ್ಚಿದರೂ ಖುಷಿ ಕಡಿಮೆಯಾಗಲಿಲ್ಲ. ಇವತ್ತೊಂದು ದಿನ ಇದು ತನಗಿರಲಿ. ಮತ್ತೆ ಒಂದೊಂದೇ ಶಬ್ದಕ್ಕಾಗಿ ಹೋದಳು, ದಾರಿ ಈ ಸಲ ಕೂದಲೆಳೆಯಷ್ಟು ಹತ್ತಿರವೆನಿಸಿತು.

"ನೀವು… ಸುಮ್ನೆ… ಕೂತ್ಕೊಳ್ಳಿ." ಉಸಿರು ಎಳೆದುಕೊಂಡಳು. "ನಂದು… ಇನ್ನೂ… ಮುಗಿದಿಲ್ಲ."

ಕನ್ನಡಕದ ಅಂಗಡಿಯವರು ಕೂತರು. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, ಒಂದು ಶಬ್ದವನ್ನೂ ಎತ್ತಿಕೊಡದೆ, ಹೆಂಡತಿಯ ಬಾಯಿಯನ್ನೇ ನೋಡುತ್ತ ಕಾದರು. ಟೀಚರಮ್ಮ ಅವಸರ ಮಾಡಲಿಲ್ಲ.